ಕಿಟಕಿಯ ದಾಸವಾಳ, ಅತ್ತೆಯ ಬುಟ್ಟಿ

ಹೊಳೆನರಸೀಪುರದ ನಮ್ಮ ಮನೆಯ ದೇವರಿಗೆ ಯಾವತ್ತೂ ಹೂವಿನ ಬರ ಬಂದದ್ದಿಲ್ಲ. ಮದುವೆಯಾಗಿ ಅರಕಲಗೂಡಿನಿಂದ ಈ ಮನೆಗೆ ಬಂದ ಮರುದಿನ ಬೆಳಿಗ್ಗೆ ನಾನು ಮೊದಲು ಕಂಡದ್ದು ಅತ್ತೆಯ ಬೆನ್ನನ್ನು. ಒದ್ದೆ ಕೂದಲಿಗೆ ಗಂಟು ಹಾಕಿಕೊಂಡು, ಎಡಗೈಗೆ ಬಿದಿರಿನ ಬುಟ್ಟಿ ಸಿಕ್ಕಿಸಿಕೊಂಡು, ಇನ್ನೂ ಸರಿಯಾಗಿ ಬೆಳಕು ಹರಿಯದ ಹೊತ್ತಿನಲ್ಲಿ ಗಿಡಗಳ ನಡುವೆ ನಿಂತಿದ್ದರು. ದುಂಬಿ ಮೂಸುವುದಕ್ಕೆ ಮುಂಚೆ ಕೊಯ್ದ ಹೂವೇ ದೇವರಿಗೆ ಶ್ರೇಷ್ಠ ಎಂಬುದು ಅವರು ಸಾಲಗಾಮೆಯ ತವರಿನಿಂದ ತಂದ ನಂಬಿಕೆ. ಮಾವ ತೀರಿಕೊಂಡ ಮೇಲೆ ತಾವು ಒಂದು ಎಸಳನ್ನೂ ಮುಡಿಯಲಿಲ್ಲ, ಆದರೆ ಕೊಯ್ಯುವುದನ್ನು ಮಾತ್ರ ಬಿಡಲಿಲ್ಲ. ಗಿಡದಲ್ಲಿ ಹೂವು ಹಾಗೇ ಬಾಡಿದರೆ ಅವರಿಗೆ ಅನ್ನ ಚೆಲ್ಲಿದಷ್ಟು ಸಂಕಟ. ಹಾಸನದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಮೇಲಂತೂ ಎಲೆಯ ಹಿಂದೆ ಅವಿತ ಮೊಗ್ಗೂ ಅವರಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ.

ನನಗೆ ಇದರಿಂದ ಯಾವ ತಕರಾರೂ ಇರಲಿಲ್ಲ. ನಾನು ಪ್ರೈಮರಿ ಸ್ಕೂಲಿನ ಮೇಡಂ. ಬೆಳಿಗ್ಗೆ ತಿಂಡಿ ಮಾಡಿ, ಡಬ್ಬಿ ಕಟ್ಟಿ, ಸೀರೆ ಉಟ್ಟು ಓಡುವವಳಿಗೆ ಹಿತ್ತಲಿನ ಹೂವು ದೇವರ ತಲೆಯ ಮೇಲಿದ್ದರೇನು, ಗಿಡದ ತಲೆಯ ಮೇಲಿದ್ದರೇನು. ನನ್ನ ಬಾಯಿ ಸ್ವಲ್ಪ ಜೋರು ಎಂದು ಅತ್ತೆ, ಅರಕಲಗೂಡಿನವರೇ ಹಾಗೆ ಎಂದು ನಮ್ಮ ಯಜಮಾನರು ಆಡಿಕೊಳ್ಳುತ್ತಿದ್ದರು. ನಾನೂ ಬಿಟ್ಟುಕೊಡುತ್ತಿರಲಿಲ್ಲ. ಆದರೆ ಹೂವಿನ ವಿಷಯಕ್ಕೆ ಅತ್ತೆಯೂ ನಾನೂ ಒಂದು ದಿನವೂ ಮುಖ ದಪ್ಪ ಮಾಡಿಕೊಂಡವರಲ್ಲ.

ನಮ್ಮ ಯಜಮಾನರು ಚನ್ನರಾಯಪಟ್ಟಣದ ಒಂದು ಕಾಲೇಜಿನ ಆಫೀಸಿನಲ್ಲಿದ್ದರು. ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಬಸ್ಸಿಳಿದು ಬರುವ ಜೀವ. ಕಿಟಕಿ ಪಕ್ಕದ ಸೀಟಿಗೆ ಕರ್ಚೀಫು ಹಾಕಿ ಜಗಳ ಆಡುತ್ತಿದ್ದರೇ ಹೊರತು ಕಿಟಕಿಯಾಚೆ ಏನಿದೆ ಎಂದು ನೋಡಿದವರಲ್ಲ. ಕೂತರೆ ಸಾಕು, ನಿದ್ದೆ. ಊಟದಲ್ಲಿ ಮಾತ್ರ ಮಹಾ ರಸಿಕರು. ಹುಳಿಗೆ ಒಗ್ಗರಣೆ ಬಿದ್ದ ಸದ್ದಿಗೆ ಹೊರಗಿನಿಂದಲೇ ಇದು ಬದನೆಕಾಯಿಯದೋ ನುಗ್ಗೆಕಾಯಿಯದೋ ಎಂದು ಹೇಳುತ್ತಿದ್ದರು. ಗಂಟಲಿಗೇ ಆ ರೋಗ ಬರಬೇಕೆ?

ಮೊದಲು ದನಿ ಒಡೆಯಿತು. ಶೀತ ಎಂದುಕೊಂಡೆವು. ಕಷಾಯ, ಜೇನುತುಪ್ಪ, ಬಿಸಿನೀರು ಎಲ್ಲಾ ಆಯಿತು. ಹಾಸನದ ಡಾಕ್ಟರು ಗಂಟಲೊಳಗೆ ನೋಡಿ ಮೈಸೂರಿಗೆ ಹೋಗಿ ಎಂದರು. ಮೈಸೂರಿನಲ್ಲಿ ಅದರ ಹೆಸರು ಹೇಳಿದರು. ಶಾಖ ಕೊಟ್ಟರು, ಔಷಧಿ ಹತ್ತಿಸಿದರು, ಹೋಗಿ ಬಂದು ಹೋಗಿ ಬಂದು ನಮ್ಮ ಚಪ್ಪಲಿ ಸವೆಯಿತು. ಕಡೆಗೆ ಹೊಟ್ಟೆಗೇ ಒಂದು ನಳಿಗೆ ಇಟ್ಟು ಕಳಿಸಿದರು. ಅದರೊಳಕ್ಕೆ ನಾನು, ಸ್ಕೂಲಿಗೆ ರಜೆ ಹಾಕಿ ಮನೆಯಲ್ಲಿದ್ದುಕೊಂಡು, ಸೋಸಿದ ಗಂಜಿ, ತೆಳ್ಳಗಿನ ರಾಗಿ ಅಂಬಲಿ ಬಿಡಬೇಕು. ಬಾಯಿಗೆ ರುಚಿಯಿಲ್ಲ, ಗಂಟಲಿಗೆ ಕೆಲಸವಿಲ್ಲ. ತಮ್ಮ ಎಂಜಲನ್ನೂ ನುಂಗಲಾಗದೆ ಪಕ್ಕದ ಬಟ್ಟಲಿಗೆ ಉಗುಳುತ್ತಿದ್ದರು. ನಾನು ಅವರೆದುರು ನೀರು ಕುಡಿಯುವುದನ್ನೇ ಬಿಟ್ಟೆ. ಬಾಯಾರಿದರೆ ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಕುಡಿಯುತ್ತಿದ್ದೆ.

ಮುಂದಿನ ಕೋಣೆಯ ಕಿಟಕಿಗೆ ಒತ್ತಿ ಅವರ ಮಂಚ ಹಾಕಿದ್ದೆವು. ಹಗಲೆಲ್ಲ ಮೊಬೈಲ್ ಹಿಡಿದು ಮಲಗಿರುತ್ತಿದ್ದರು. ಏನು ನೋಡುತ್ತಾರೆ ಎಂದು ಬಗ್ಗಿದರೆ ಯಾರದೋ ಪರದೇಶದ ಹಿತ್ತಲು. ಅಲ್ಲಿ ಒಂದು ಕೆಂಪು ಡಬ್ಬಿ ತೂಗುಹಾಕಿದ್ದಾರೆ. ಹೆಬ್ಬೆರಳಿನಷ್ಟು ಹಕ್ಕಿ ಬಂದು, ರೆಕ್ಕೆಯೇ ಕಾಣದ ಹಾಗೆ ಬಡಿಯುತ್ತ, ಗಾಳಿಯಲ್ಲೇ ನಿಂತು, ಸೂಜಿಯಂಥ ಕೊಕ್ಕು ತೂರಿಸಿ ಕುಡಿಯುತ್ತದೆ. ಹಮ್ಮಿಂಗ್ ಬರ್ಡ್ ಅಂತೆ. ಮುಗಿದರೆ ಮತ್ತೆ ಅದನ್ನೇ ಹಾಕುತ್ತಿದ್ದರು. ಹುಡುಗಾಟ ಎಂದುಕೊಂಡು ನಾನು ಸುಮ್ಮನಿದ್ದೆ. ಒಂದು ಮಧ್ಯಾಹ್ನ ಗಂಜಿ ಬಿಟ್ಟು ನಳಿಗೆ ತೊಳೆಯುತ್ತಿದ್ದಾಗ ನನ್ನ ಸೆರಗು ಹಿಡಿದು ಎಳೆದರು. ಪರದೆಯ ಮೇಲೆ ಆ ಹಕ್ಕಿಯ ಗಂಟಲಿನ ಹತ್ತಿರ ಬೆರಳಿಟ್ಟು, ಉಳಿದಿದ್ದ ಪಿಸುದನಿಯಲ್ಲಿ, “ನೋಡು, ಗುಟುಕು ಎಷ್ಟು ಸಲೀಸಾಗಿ ಇಳೀತಿದೆ” ಅಂದರು.

ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಹಾಸನದಲ್ಲಿರುವ ಮಗಳಿಗೆ ಫೋನ್ ಮಾಡಿ, ಆ ಕೆಂಪು ಡಬ್ಬಿ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದೆ.

ಮಗಳು ತರಿಸಿ ಕೊಟ್ಟಳು. ಪ್ಲಾಸ್ಟಿಕ್ಕಿನ ಹೂವುಗಳಿದ್ದ ಚಂದದ ಡಬ್ಬಿ. ಸಕ್ಕರೆ ನೀರು ತುಂಬಿ ಕಿಟಕಿಯ ಮೇಲೆ ನೇತುಹಾಕಿದೆ. ಸಂಜೆಯೊಳಗೆ ನಮ್ಮ ಬೀದಿಯ ಇರುವೆಗಳೆಲ್ಲ ನೆಂಟರಿಷ್ಟರನ್ನು ಕರೆದುಕೊಂಡು ಬಂದವು. ಮಾರನೆಯ ದಿನ ಜೇನು. ಅದರ ಮಾರನೆಯ ದಿನ ಕೋತಿಯೊಂದು ಬಂದು ಡಬ್ಬಿಯನ್ನೇ ಕಿತ್ತುಕೊಂಡು ತೆಂಗಿನಮರ ಹತ್ತಿತು. ನಾನು ಕೋಲು ಹಿಡಿದು ಬೈಯುವುದನ್ನು ಕಂಡು ಅವರು ಸದ್ದಿಲ್ಲದೆ, ಭುಜ ಕುಣಿಸಿ ನಕ್ಕರು. ಆಮೇಲೆ ಹತ್ತಿರ ಕರೆದು ಹೇಳಿದರು: ಆ ಹಕ್ಕಿ ನಮ್ಮ ದೇಶದಲ್ಲೇ ಇಲ್ಲ, ನಮ್ಮ ಕಡೆ ಇರುವುದು ಸೂರಕ್ಕಿ. ಚಿಕ್ಕಂದಿನಲ್ಲಿ ಸಾಲಗಾಮೆಯ ಅಜ್ಜಿಯ ಮನೆಯಲ್ಲಿ ಬಾಳೆಹೂವಿಗೆ ಬರುತ್ತಿತ್ತು, ತಲೆಕೆಳಗಾಗಿ ನೇತುಬಿದ್ದು ಜೇನು ಹೀರುತ್ತಿತ್ತು. ಬಿಸಿಲು ಬಿದ್ದರೆ ಕಪ್ಪು ಮೈಯಲ್ಲಿ ನೀಲಿ ಮಿಂಚುತ್ತಿತ್ತು. ಇಷ್ಟು ಹೇಳುವಷ್ಟರಲ್ಲಿ ಸುಸ್ತಾಗಿ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಮುಚ್ಚಿಕೊಂಡೇ, “ಅದು ಕುಡಿಯೋದನ್ನ ಒಂದ್ಸಲ ಹತ್ತಿರದಿಂದ ನೋಡ್ಬೇಕು” ಅಂದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ನನ್ನನ್ನು ಬಾಯಿಬಿಟ್ಟು ಕೇಳಿದ್ದು ತಿಂಡಿ ತೀರ್ಥದ ಹೊರತು ಇದೊಂದೇ.

ಹಾಸನದ ರಸ್ತೆಯ ನರ್ಸರಿಗೆ ಹೋದೆ. ಅಲ್ಲಿಯವನು, “ಸೂರಕ್ಕಿ ಬರ್ಬೇಕಂದ್ರೆ ಕೆಂಪ್ ದಾಸ್ವಾಳ ಆಕ್ಕಳಿ ಅಕ್ಕ, ಕೇಪಳ ಆಕ್ಕಳಿ. ಊವಿದ್ರೆ ಅವೇ ಬತ್ತಾವೆ, ಕರ್ಯಾದೇನ್ ಬ್ಯಾಡ” ಅಂದ. ಎರಡನ್ನೂ, ಜೊತೆಗೆ ಒಂದು ರತ್ನಗಂಧಿಯನ್ನೂ ಆಟೋದಲ್ಲಿ ತಂದು ಅವರ ಕಿಟಕಿಯ ನೇರಕ್ಕೆ ನೆಟ್ಟೆ. ಸಗಣಿ ಗೊಬ್ಬರ ಹಾಕಿದೆ, ತರಕಾರಿ ತೊಳೆದ ನೀರು ಹಾಕಿದೆ, ಮಕ್ಕಳಿಗೆ ಗದರಿದ ಹಾಗೆ ಗದರಿದೆ. ಮಳೆಗಾಲ ಚೆನ್ನಾಗಿ ಹಿಡಿದಿತ್ತು. ಗಿಡಗಳು ನನ್ನ ಮರ್ಯಾದೆ ಉಳಿಸಿದವು.

ಅವು ಹೂಬಿಡುವುದಕ್ಕೂ ಅತ್ತೆ ಹರಕೆ ಹೊರುವುದಕ್ಕೂ ಸರಿಹೋಯಿತು. ಮಗನ ಗಂಟಲು ತೆರೆಯಲಿ ಎಂದು ಮನೆಯ ನರಸಿಂಹದೇವರಿಗೆ ಲಕ್ಷ ಹೂವಿನ ಅರ್ಚನೆ. ಹೂವು ತಮ್ಮ ಕೈಯಾರೆ ಕೊಯ್ದದ್ದಾಗಬೇಕು, ಮನೆಯ ಮಣ್ಣಿನಲ್ಲೇ ಬಿಟ್ಟದ್ದಾಗಬೇಕು. ನಾನು ಉಪಾಯವಾಗಿ ಬಸ್ ಸ್ಟ್ಯಾಂಡಿನಿಂದ ಬುಟ್ಟಿಗಟ್ಟಲೆ ಸೇವಂತಿಗೆ ತಂದು ಕೊಟ್ಟರೆ, ಅದನ್ನು ಬಾಗಿಲ ಮೇಲೆ ಕಟ್ಟಿಸಿದರು, ದೇವರಿಗೆ ಇಡಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ ಬಂದು ಮೊದಲು ಕೈ ಹಾಕುತ್ತಿದ್ದದ್ದೇ ಕಿಟಕಿಯ ದಾಸವಾಳಕ್ಕೆ. ಆಮೇಲೆ ಕೇಪಳ, ಆಮೇಲೆ ರತ್ನಗಂಧಿ, ಕಡೆಗೆ ಹಳೆಯ ನಂದಿಬಟ್ಟಲು, ಕಣಗಿಲೆ. ಬಿಸಿಲು ಬರುವ ಹೊತ್ತಿಗೆ ನಮ್ಮ ಮನೆಯ ಸುತ್ತ ಹಸಿರು ಬಿಟ್ಟು ಬೇರೆ ಬಣ್ಣವಿರುತ್ತಿರಲಿಲ್ಲ. ನಾನು ಗಿಡ ನೆಟ್ಟಷ್ಟೂ ದೇವರ ತಟ್ಟೆ ತುಂಬುತ್ತಿತ್ತು. ಇದೂ ಸಾಲದೆಂದು ಅತ್ತೆ ಪಕ್ಕದ ಮನೆಯವರ ಹತ್ತಿರ, ಬಾಯಿ ಜೋರಾದರೂ ನಮ್ಮ ಸೊಸೆಯ ಮನಸ್ಸು ಒಳ್ಳೆಯದು, ನನ್ನ ಹರಕೆಗೆಂದೇ ಗಿಡ ಹಾಕಿದ್ದಾಳೆ ಎಂದು ಹೇಳಿಕೊಂಡು ಕಣ್ಣು ಒರೆಸಿಕೊಂಡರು. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಹೊಗಳಿಬಿಟ್ಟರೆ ಏನು ಮಾಡುವುದು?

ಸೂರಕ್ಕಿ ಬರಲಿಲ್ಲವೆಂದಲ್ಲ. ಬರುತ್ತಿತ್ತು. ಕಾಂಪೌಂಡಿನ ತಂತಿಯ ಮೇಲೆ ಕೂತು, ಬಾಲ ಕುಣಿಸಿ, ಸಣ್ಣ ದನಿಯಲ್ಲಿ ಚೀಂವ್ ಚೀಂವ್ ಎಂದು ಕೂಗಿ, ಬರಿಗಿಡ ನೋಡಿ, ಆಚೆ ಮನೆಯ ನುಗ್ಗೆಮರಕ್ಕೆ ಹಾರಿಹೋಗುತ್ತಿತ್ತು. ಮಲಗಿದಲ್ಲಿಂದ ಅವರಿಗೆ ತಂತಿ ಕಾಣುತ್ತಿರಲಿಲ್ಲ, ಗಿಡ ಮಾತ್ರ ಕಾಣುತ್ತಿತ್ತು. ಸದ್ದು ಕೇಳಿದರೆ ಕುತ್ತಿಗೆ ಎತ್ತಲು ನೋಡುತ್ತಿದ್ದರು. ನಾನು ಓಡಿಬಂದು ದಿಂಬು ಎತ್ತರಿಸುವಷ್ಟರಲ್ಲಿ ಅದು ಅಲ್ಲಿರುತ್ತಿರಲಿಲ್ಲ.

ಕಡೆಗೊಂದು ದಿನ ತಡೆಯಲಾರದೆ ಹೇಳಿಯೇಬಿಟ್ಟೆ. ಅತ್ತೆ ಬುಟ್ಟಿ ಹಿಡಿದು ಕೋಣೆಯೊಳಗೆ ಬಂದಿದ್ದರು. ಕಿಟಕಿಯ ಹತ್ತಿರದ ಗಿಡದ್ದಾದರೂ ಬಿಡಿ, ಅವರು ನೋಡಲಿ ಎಂದೆ. ಅತ್ತೆಗೆ ನಾನು ಹೇಳಿದ್ದು ಬೇರೆಯೇ ಆಗಿ ಅರ್ಥವಾಯಿತು. “ಅವನು ನೋಡ್ಲಿ ಅಂತಾನೇ ಅಲ್ವೇನೆ ಮೊದಲನೇ ಹೂವನ್ನ ಅವನ ಕಣ್ಣಿಗೆ ಒತ್ತಿ ಆಮೇಲೆ ದೇವರಿಗೆ ಇಡೋದು” ಎನ್ನುತ್ತ ಇಬ್ಬನಿ ಆರದ ದಾಸವಾಳವೊಂದನ್ನು ತೆಗೆದು ಮಗನ ಎರಡು ಕಣ್ಣಿಗೂ ಒತ್ತಿದರು. ಹಕ್ಕಿಯ ವಿಷಯ ನನ್ನ ಬಾಯಿಗೆ ಬಂದಿತ್ತು. ಹೂವಿನ ಕೆಳಗಿನಿಂದ ನಮ್ಮ ಯಜಮಾನರು ನನ್ನನ್ನು ನೋಡಿ, ಬೇಡ ಎಂದು ತಲೆಯಾಡಿಸಿದರು. ಅತ್ತೆ ಅತ್ತ ಹೋದ ಮೇಲೆ ನನ್ನ ಕೈ ಹಿಡಿದುಕೊಂಡು, “ಅಮ್ಮನಿಗೆ ಹಕ್ಕಿ ಸುದ್ದಿ ಹೇಳ್ಬೇಡ. ಅವಳ ಕೈಲಿ ಆಗೋದು ಅದೊಂದೇ. ಕೊಯ್ಕೊಳ್ಳಲಿ ಬಿಡು” ಅಂದರು.

ನನಗೆ ಸಿಟ್ಟು ಬಂತು. ನಿಮಗೆ ನೋಡಬೇಕು ಅಂತ ಇಲ್ಲವಾ ಎಂದು ಕೇಳಿದೆ.

“ಇದೆ” ಅಂದರು. ಅಷ್ಟೇ.

ಆಮೇಲೂ ನಾನು ನನ್ನ ಕಳ್ಳಾಟ ಬಿಡಲಿಲ್ಲ. ಒಗೆದ ಸೀರೆಯನ್ನು ದಾಸವಾಳದ ಮೇಲೆ ಒಣಹಾಕಿ ಹೂವು ಮರೆಮಾಡಿದೆ. ಅತ್ತೆ ಸೀರೆ ಮಡಿಸಿ ಕೊಟ್ಟು ಹೂವು ಕೊಯ್ದುಕೊಂಡು ಹೋದರು. ಬಾಗಿಲ ಮುಂದೆ ನೀರು ಚೆಲ್ಲಿ ಜಾರುತ್ತದೆ ಎಂದೆ, ಅವರು ಹಿಂದಿನಿಂದ ಸುತ್ತಿಕೊಂಡು ಬಂದರು. ಹಕ್ಕಿಗೆಂದು ಒಬ್ಬಳು, ದೇವರಿಗೆಂದು ಒಬ್ಬಳು, ಇಬ್ಬರೂ ಒಬ್ಬನಿಗಾಗಿಯೇ ಒಂದೇ ಗಿಡಕ್ಕೆ ಕಾಯುತ್ತಿದ್ದೆವು. ಮಂಚದ ಮೇಲೆ ಅವರು ದಿನದಿನಕ್ಕೂ ಕುಗ್ಗುತ್ತಿದ್ದರು.

ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಹೋದರು. ಅತ್ತೆ ಹೂವು ಕೊಯ್ದು ಮುಗಿಸಿ, ಬುಟ್ಟಿ ಹಿಡಿದು ಒಳಗೆ ಬರುತ್ತಿದ್ದರು. ನಾನು ಕೂಗಿದ್ದು ನನಗೆ ನೆನಪಿಲ್ಲ, ಕೂಗಿದೆನಂತೆ. ಅವರು ಬಂದು ಮಗನ ಮುಖ ನೋಡಿ, ಹಣೆ ಮುಟ್ಟಿದರು. ಸಾವಾದ ಮನೆಯಲ್ಲಿ ಇನ್ನು ದೇವರಿಗೆ ಪೂಜೆಯಿಲ್ಲ. ಕೈಯಲ್ಲಿ ಬುಟ್ಟಿ ತುಂಬ ಹೂವು. ಅಷ್ಟನ್ನೂ ತಂದು ಮಗನ ಎದೆಯ ಮೇಲೆ ಸುರಿದರು. ನಾನು ನೆಟ್ಟ ಗಿಡದ ಹೂವು ಕೊನೆಗೂ ಅವರಿಗೇ ಬಂತು. ನನ್ನ ಹೊಟ್ಟೆಯಲ್ಲಿ ಅವತ್ತು ದುಃಖ ಎಷ್ಟಿತ್ತೋ ಸಿಟ್ಟೂ ಅಷ್ಟೇ ಇತ್ತು. ಒಂದೇ ಒಂದು ಸಲ ನೋಡಬೇಕು ಅಂದಿದ್ದರು. ನೋಡಲೇ ಇಲ್ಲ.

ನಮಗೆ ಗಂಡುಮಕ್ಕಳಿಲ್ಲ, ಹೊಳೆಯ ದಂಡೆಯಲ್ಲಿ ಅವರ ತಮ್ಮ ಬಂದು ಕರ್ಮ ಮಾಡಿದರು. ಮನೆಗೆ ಸೂತಕ. ದೇವರ ಕೋಣೆಯ ಬಾಗಿಲು ಮುಚ್ಚಿತು, ಹೂವಿನ ಬುಟ್ಟಿ ಗೂಟಕ್ಕೆ ಹೋಯಿತು. ಹತ್ತು ದಿನ ಯಾರೂ ಗಿಡ ಮುಟ್ಟುವ ಹಾಗಿಲ್ಲ. ಬಂದವರು ಹೋದವರ ಗಲಾಟೆಯಲ್ಲಿ ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ನಾಲ್ಕನೆಯ ದಿನವೋ ಐದನೆಯ ದಿನವೋ, ಜನ ಸ್ವಲ್ಪ ಕರಗಿದಾಗ, ಖಾಲಿ ಮಂಚದ ಪಕ್ಕದಲ್ಲಿ ನಾನೂ ಅತ್ತೆಯೂ ಕೂತಿದ್ದೆವು. ಕಿಟಕಿಯ ಆಚೆ ಗಿಡದ ತುಂಬ ಕೆಂಪು. ಇವತ್ತು ಅರಳಿದ್ದು, ನಿನ್ನೆ ಅರಳಿ ಮುದುರಿದ್ದು, ನೆಲಕ್ಕೆ ಬಿದ್ದದ್ದು. ಆ ಗಿಡಗಳನ್ನು ಹಾಗೆ ನಾನೂ ಮೊದಲ ಸಲ ನೋಡುತ್ತಿದ್ದೆ.

ಸೂರಕ್ಕಿ ಬಂತು. ತಂತಿಯ ಮೇಲಲ್ಲ, ನೇರ ದಾಸವಾಳಕ್ಕೆ. ತೊಟ್ಟು ಹಿಡಿದು ಬಾಗಿ, ಹೂವಿನ ಬುಡಕ್ಕೆ ಕೊಕ್ಕು ಚುಚ್ಚಿತು. ಬಿಸಿಲಿಗೆ ಮೈ ನೀಲಿಯಾಗಿ ಮಿಂಚಿತು, ಅವರು ಹೇಳಿದ ಹಾಗೆಯೇ. ಹಿಂದೆಯೇ ಮಾಸಲು ಹಳದಿಯ ಹೆಣ್ಣೂ ಬಂದು ಕೇಪಳದ ಗೊಂಚಲಿಗೆ ನೇತುಬಿತ್ತು. ಕಿಟಕಿಯಿಂದ ಒಂದು ಮೊಳ ದೂರ. ಗಂಟಲು ಅಲುಗುವುದೂ ಕಾಣುತ್ತಿತ್ತು.

ಅತ್ತೆ ಅದನ್ನೇ ನೋಡುತ್ತ ಕೂತರು. ಇದು ಸಾಲಗಾಮೆಯ ನಮ್ಮ ಮನೆಗೆ ಬರುತ್ತಿದ್ದ ಹಕ್ಕಿ, ಅವನು ಮಗುವಾಗಿದ್ದಾಗ ಇದರ ಹಿಂದೆಯೇ ಓಡುತ್ತಿದ್ದ, ಕೈಗೆ ಸಿಕ್ಕಲಿಲ್ಲವೆಂದು ಬಿದ್ದು ಹೊರಳಾಡಿ ಅಳುತ್ತಿದ್ದ ಎಂದರು. ಅವರು ಏನೋ ಲೆಕ್ಕ ಹಾಕುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಮಂಚ ನೋಡಿದರು, ಕಿಟಕಿ ನೋಡಿದರು, ಗಿಡ ನೋಡಿದರು. ಆಮೇಲೆ ನನ್ನ ಕಡೆ ತಿರುಗದೆ ಕೇಳಿದರು.

“ಅವನು ಇದನ್ನ ನೋಡಿದ್ನೇನೆ?”

ಎಷ್ಟು ತಿಂಗಳಿಂದ ನನ್ನ ನಾಲಿಗೆಯ ತುದಿಯಲ್ಲಿ ಕಾದು ಕೂತಿದ್ದ ಮಾತು ಅದು. ಎಲ್ಲಿಂದ ನೋಡುತ್ತಾರೆ, ನೀವು ಒಂದು ಹೂವು ಬಿಟ್ಟಿದ್ದರೆ ತಾನೇ ಎನ್ನಬೇಕು, ಎಂದರೆ ನನ್ನ ಎದೆ ಹಗುರಾಗುತ್ತದೆ ಎಂದು ಎಷ್ಟು ಸಲ ಪಾತ್ರೆ ತಿಕ್ಕುತ್ತ ಒಳಗೊಳಗೇ ಹೇಳಿಕೊಂಡಿದ್ದೆನೋ. ಬಾಯಿ ತೆರೆದೆ. ಅವರ ಕೈ ಕಣ್ಣಿಗೆ ಬಿತ್ತು. ಮಡಿಲಲ್ಲಿಟ್ಟುಕೊಂಡ ಬಲಗೈಯ ಹೆಬ್ಬೆರಳು ತೋರುಬೆರಳು, ಅವರಿಗೇ ತಿಳಿಯದ ಹಾಗೆ, ಗಾಳಿಯಲ್ಲಿ ತೊಟ್ಟು ಮುರಿಯುತ್ತಿದ್ದವು. ಆ ಉಗುರುಗಳು ಹೂವಿನ ರಸಕ್ಕೆ ಕಪ್ಪಾಗಿ ಹೋಗಿದ್ದವು.

“ನೋಡಿದ್ರು ಅತ್ತೆ” ಎಂದೆ. “ದಿನಾ ನೋಡ್ತಿದ್ರು.”

“ಹೂವೆಲ್ಲಾ ನಾನು ಕೊಯ್ದುಬಿಡ್ತಿದ್ನಲ್ಲ. ಏನು ಕುಡೀತಿತ್ತು?”

ಸುಳ್ಳು ಹೇಳುವುದರಲ್ಲಿ ನನಗೆ ಅಭ್ಯಾಸವಿಲ್ಲ. ಎದುರಿಗಿದ್ದವರ ಮುಖಕ್ಕೆ ಹೊಡೆದ ಹಾಗೆ ನಿಜ ಹೇಳಿಯೇ ನಾನು ಕೆಟ್ಟ ಹೆಸರು ತೆಗೆದುಕೊಂಡವಳು. ಅವರ ಮಗ ನನ್ನ ಕೈ ಹಿಡಿದು ಹೇಳಿದ್ದು ಒಂದು ನೆನಪಿಗೆ ಬರದಿದ್ದರೆ ಏನಾಗುತ್ತಿತ್ತೋ. “ಎಲೆ ಹಿಂದೆ ಒಂದೆರಡು ಉಳೀತಿತ್ತು. ನಿಮಗೆ ಕಾಣ್ತಿರ್ಲಿಲ್ಲ” ಎಂದುಬಿಟ್ಟೆ.

ಎಲೆಯ ಹಿಂದಿನ ಮೊಗ್ಗನ್ನೂ ಬಿಡದ ಹೆಂಗಸಿಗೆ ಹೇಳುವ ಮಾತೇ ಅದು! ಅವರು ಈಗ ನನ್ನ ಕಡೆ ತಿರುಗಿ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. “ಉಳೀತಿತ್ತಾ?” ಅಂದರು. ಹೂಂ ಎಂದೆ. “ಹಾಗಾದ್ರೆ ಸರಿ” ಎಂದು ಎದ್ದು ಒಳಗೆ ಹೋದರು. ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಬಹಳ ಹೊತ್ತು ಹೊರಗೆ ಬರಲಿಲ್ಲ.

ಹತ್ತನೆಯ ದಿನ ದೂರದ ನೆಂಟರ ಪೈಕಿ ಹಿರಿಯರೊಬ್ಬರು, ನನ್ನ ತಲೆಗೆ ಕೊನೆಯದಾಗಿ ಹೂವು ಮುಡಿಸಿ ತೆಗೆಯುವ ಶಾಸ್ತ್ರವಿದೆಯಲ್ಲ ಎಂದು ನೆನಪಿಸಿ, ಮನೆಯಲ್ಲೇ ಇಷ್ಟೊಂದು ಹೂವಿದೆ ಎನ್ನುತ್ತ ಕಿಟಕಿಯ ಗಿಡಕ್ಕೆ ಕೈ ಚಾಚಿದರು. ಅತ್ತೆ ಬಾಗಿಲಲ್ಲಿ ನಿಂತಿದ್ದರು. “ಗಿಡ ಮುಟ್ಬೇಡಿ. ಆ ಶಾಸ್ತ್ರಾನೂ ಬೇಡ. ನನಗೆ ಮಾಡಿದ್ದೇ ಸಾಕು” ಅಂದರು. ದನಿ ಎತ್ತರಿಸಲಿಲ್ಲ. ಆ ಹಿರಿಯರು ಕೈ ಹಿಂದಕ್ಕೆ ತೆಗೆದುಕೊಂಡರು.

ಸೂತಕ ಕಳೆದು, ವೈಕುಂಠ ಸಮಾರಾಧನೆಯಾಗಿ, ನೆಂಟರೆಲ್ಲ ಹೋದ ಮೇಲೆ ದೇವರ ಕೋಣೆಯಲ್ಲಿ ಮತ್ತೆ ದೀಪ ಹಚ್ಚಿದೆವು. ಅತ್ತೆ ಗೂಟದಿಂದ ಬುಟ್ಟಿ ಇಳಿಸಿಕೊಂಡು ಹೊರಟರು. ನಾನು ಮುಂದಿನ ಕೋಣೆಯ ಕಿಟಕಿಯಿಂದ ನೋಡುತ್ತಿದ್ದೆ. ದಾಸವಾಳದ ಮುಂದೆ ನಿಂತರು. ಹಾಗೇ ದಾಟಿ ಹೋಗಿ ನಂದಿಬಟ್ಟಲಿನ ಒಂದು ಹಿಡಿ ಬಿಳಿ ಹೂವು, ಒಂದಿಷ್ಟು ತುಳಸಿ ಕೊಯ್ದುಕೊಂಡು ಒಳಗೆ ಬಂದರು. ಹರಕೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಅಂದಿನಿಂದ ಇಂದಿನವರೆಗೆ ನಮ್ಮ ದೇವರಿಗೆ ಕೆಂಪು ಹೂವಿಲ್ಲ.

ಸೂರಕ್ಕಿಗಳಿಗೆ ಈಗ ನಮ್ಮ ಮನೆ ಗೊತ್ತಾಗಿಹೋಗಿದೆ. ಬೆಳಿಗ್ಗೆ ಬರುತ್ತವೆ, ಬಿಸಿಲೇರಿದ ಮೇಲೆ ಇನ್ನೊಮ್ಮೆ ಬರುತ್ತವೆ. ಅವು ಕುಡಿಯುವುದನ್ನು ನೋಡಿದಾಗಲೆಲ್ಲ ನನ್ನ ಕಣ್ಣಿಗೆ ನೀರು ಬರುತ್ತದೆ. ಸಂತೋಷವೇನೂ ಅಲ್ಲ. ಬೇಕಾದಾಗ ಬರಲಿಲ್ಲ ಎಂಬ ಹೊಟ್ಟೆಯ ಉರಿ. ಅದು ಆರುವ ಹಾಗೆ ಕಾಣುವುದಿಲ್ಲ.

ಮೊನ್ನೆ ಚನ್ನರಾಯಪಟ್ಟಣದಿಂದ ಅವರ ಜೊತೆ ಕೆಲಸ ಮಾಡಿದವರೊಬ್ಬರು ಹೆಂಡತಿಯ ಸಮೇತ ಮಾತಾಡಿಸಿಕೊಂಡು ಹೋಗಲು ಬಂದಿದ್ದರು. ನಾನು ಕಾಫಿ ತಂದೆ. ಅತ್ತೆ ಕಿಟಕಿಯ ಕೆಳಗೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಗಿಡದ ಮೇಲೆ ಹಕ್ಕಿ ಕಂಡು ಆ ಹೆಣ್ಣುಮಗಳು ಏನಮ್ಮ ಅದು ಎಂದು ಕೇಳಿದಳು. ಅತ್ತೆ, ಬಂದವರಿಗೆಲ್ಲ ಹೇಳುವ ಹಾಗೆ, ಅವಳಿಗೂ ಹೇಳಿದರು. ಸೊಸೆ ಮಗನಿಗೆಂದೇ ಈ ಗಿಡ ಹಾಕಿದಳು, ಕೊನೆಗಾಲದಲ್ಲಿ ಅವನು ದಿನಾ ಈ ಹಕ್ಕಿ ನೋಡಿಕೊಂಡು ಸಮಾಧಾನವಾಗಿದ್ದ ಎಂದರು. “ನಾನು ದೇವರಿಗೆ ಕೊಯ್ತಿದ್ದೆ. ಆದ್ರೆ ನನ್ನ ಕಣ್ಣು ಮಂಜು ನೋಡಿ, ಎಲೆ ಹಿಂದೆ ಒಂದೆರಡು ಉಳ್ಕೊಳ್ತಿತ್ತು. ಅಷ್ಟು ಸಾಕಾಗ್ತಿತ್ತು ಅದಕ್ಕೆ.”

ಹೌದಾ ಎನ್ನುವ ಹಾಗೆ ಅವರಿಬ್ಬರೂ ನನ್ನ ಕಡೆ ನೋಡಿದರು. ನಾನು ಹೌದು ಎಂದೆ.

ಅತ್ತೆ ತಲೆ ಬಗ್ಗಿಸಿ, ಕನ್ನಡಕವಿಲ್ಲದೆ, ಅಕ್ಕಿಯ ನಡುವಿನಿಂದ ಅಕ್ಕಿಯಷ್ಟೇ ಬೆಳ್ಳಗಿದ್ದ ಒಂದು ಸಣ್ಣ ಕಲ್ಲನ್ನು ಉಗುರಿನಲ್ಲಿ ಹೆಕ್ಕಿ ತೆಗೆದು ಕಿಟಕಿಯಾಚೆ ಎಸೆದರು.